ಬೆಕ್ಕು ಕತ್ತು ಎತ್ತುತ್ತಿಲ್ಲ, ಪೊಟ್ಯಾಸಿಯಂ ಕೊಟ್ಟರೂ ನಿಲ್ಲುತ್ತಿಲ್ಲ

ಬೆಳ್ಳಿಯ_ಅಮ್ಮ:
ಬೆಳ್ಳಿ ಗದ್ದ ಎದೆಗೆ ತಾಗುವಂತೆ ತಲೆ ತಗ್ಗಿಸಿಕೊಂಡೇ ನಡೆಯುತ್ತದೆ. ಸೋಫಾ ಹತ್ತಲು ಹೋಗಿ ಜಾರುತ್ತದೆ. ಕಿಡ್ನಿ ಸಮಸ್ಯೆ ಎಂದರು, ಕಿಡ್ನಿ ಆಹಾರ ತಂದೆ. ಪೊಟ್ಯಾಸಿಯಂ ಕಡಿಮೆ ಎಂದರು, ಅದರ ಪುಡಿಯನ್ನೂ ಕೊಡುತ್ತಿದ್ದೇನೆ. ಸ್ವಲ್ಪ ಏರಿ ಮತ್ತೆ ಇಳಿಯುತ್ತದೆ. ಎಲ್ಲ ಪರೀಕ್ಷೆಯೂ ಆಗಿದೆ. ಇನ್ನೇನು ಮಾಡಲಿ? ನೋಡಲಾಗುತ್ತಿಲ್ಲ.

ಕಡಲೂರ_ಮಾರ್ಜಾಲ:
ಮೀನು ಹಾಕುತ್ತೀರಾ? ಕತ್ತು ಹೀಗೆ ಬಾಗುವುದು ಥಯಮಿನ್ ಎಂಬ ಬಿ1 ವಿಟಮಿನ್ ಕೊರತೆಯಿಂದಲೂ ಇರಬಹುದು. ಕೆಲವು ಹಸಿ ಮೀನುಗಳಲ್ಲಿ ಅದನ್ನು ಒಡೆಯುವ ಕಿಣ್ವವಿದೆ. ಬಿ1 ಚುಚ್ಚುಮದ್ದು ಹಾಕಿಸಿ.

ಬೆಳ್ಳಿಯ_ಅಮ್ಮ:
ನಮ್ಮಲ್ಲಿ ಬೇಯಿಸಿದ ಮೀನೇ, ಅದೂ ಅಪರೂಪ.

ಕಡಲೂರ_ಮಾರ್ಜಾಲ:
ಅತಿಯಾಗಿ ಬೇಯಿಸಿದರೂ ಥಯಮಿನ್ ನಾಶವಾಗುತ್ತದೆ. ಬಿ1 ಹಾಕಿಸಿಯೇ ನೋಡಿ.

ಹೆಬ್ಬಾಳದ_ಹಳಬ:
ಮೀನು ಬಿಡಿ ಸರ್. ಮೇಡಂ, ಪೊಟ್ಯಾಸಿಯಂ ಎಷ್ಟಿದೆ? ಬಿ.ಪಿ. ನೋಡಿದ್ದಾರೆಯೇ?

ಬೆಳ್ಳಿಯ_ಅಮ್ಮ:
2.6. ಬಿ.ಪಿ. 210 ಇತ್ತು, ಹೆದರಿಕೆಗೆ ಏರಿರಬಹುದು ಎಂದರು. ಬೆಳಕಿನಲ್ಲೂ ಕಣ್ಣಿನ ಪಾಪೆ ಹಿಗ್ಗಿಯೇ ಇರುತ್ತದೆ, ಅದು ಬೇರೆ ವಿಷಯ.

ಹೆಬ್ಬಾಳದ_ಹಳಬ:
ಬೇರೆ ವಿಷಯವಲ್ಲ! ಇವತ್ತೇ ತೋರಿಸಿ. ಬಿ.ಪಿ. ಇಷ್ಟೇರಿದರೆ ಅಕ್ಷಿಪಟಲ ಕಳಚಿ ದೃಷ್ಟಿ ಹೋಗಬಹುದು. ಪೊಟ್ಯಾಸಿಯಂ ತಗ್ಗಿ ಬಿ.ಪಿ. ಏರಿದೆ ಎಂದರೆ ಕಿಡ್ನಿಯ ಬಳಿ ಇರುವ ಅಡ್ರಿನಲ್ ಗ್ರಂಥಿಯಲ್ಲಿ ಗೆಡ್ಡೆ ಇದೆಯೇ ಎಂದು ನೋಡಲೇಬೇಕು. ಅಂಥ ಗೆಡ್ಡೆ ಆಲ್ಡೋಸ್ಟೆರೋನ್ ಎಂಬ ಹಾರ್ಮೋನು ಸುರಿಸಬಹುದು. ಅದು ಸೋಡಿಯಂ ಹಿಡಿದಿಟ್ಟು ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತದೆ. ನಿಮ್ಮ ಪುಡಿ ತೂತು ಕೊಡಕ್ಕೆ ಎರೆದ ನೀರು. ಮನುಷ್ಯರಲ್ಲಿ 1955ರಲ್ಲಿ ಡಾ. ಜೆರೋಮ್ ಕಾನ್ ವಿವರಿಸಿದ ಕಾಯಿಲೆಯೇ ಇದು. ಕಿಡ್ನಿ ಎಂದು ಅಲ್ಲಿಗೇ ನಿಲ್ಲಿಸುವುದರಿಂದ ಬೆಕ್ಕುಗಳಲ್ಲಿ ತಪ್ಪಿಹೋಗುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ, ಎರಡೂ ಅಡ್ರಿನಲ್ ಅಳೆಯಲು ಹೇಳಿ.

ಡಾಪ್ಲರ್_ಪ್ರೇಮಿ:
ಯಾವ ಯಂತ್ರದಲ್ಲಿ 210? ಕಾಲಿಗೆ ಸುತ್ತುವ ಪಟ್ಟಿಯ ಅಗಲ ಕಾಲಿನ ಸುತ್ತಳತೆಯ ಶೇ 30ರಿಂದ 40 ಇರಬೇಕು. ಮೊದಲ ಅಂಕಿ ಲೆಕ್ಕಕ್ಕಿಲ್ಲ. ನನ್ನ ಮನೆಯಲ್ಲಿ ರಕ್ತದ ಹರಿವಿನ ಸದ್ದು ಕೇಳಿಸಿ ಬಿ.ಪಿ. ಅಳೆಯುವ ಡಾಪ್ಲರ್ ಯಂತ್ರವಿದೆ, ಸದ್ದಿಗೆ ಬೆಚ್ಚದಿರಲಿ ಎಂದು ಹೆಡ್‌ಫೋನ್ ಹಾಕುತ್ತೇನೆ. ಪಟ್ಟಿಗಳು ಎಲ್ಲ ಅಳತೆಯಲ್ಲೂ ಇವೆ.

ಹೆಬ್ಬಾಳದ_ಹಳಬ:
ಪಟ್ಟಿಯ ಚರ್ಚೆ ಆಮೇಲೆ ಮಾಡೋಣ. ಕಣ್ಣು ಹೋದರೆ ಮರಳುವುದು ಕಷ್ಟ.

ಗುಂಡನ_ಅಪ್ಪ:
ನಮ್ಮ ಗುಂಡನಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ ವರ್ಷಗಳಾದವು. ಈಗ ಗೋಡೆಗೆ ಮೂತ್ರ ಚಿಮ್ಮಿಸುತ್ತದೆ, ಗಂಡು ಬೆಕ್ಕಿನ ಗಾಢ ವಾಸನೆ. ಇದೂ ಅಡ್ರಿನಲ್ ಇರಬಹುದೇ?

ಹೆಬ್ಬಾಳದ_ಹಳಬ:
ಇರಬಹುದು, ಅಪರೂಪಕ್ಕೆ ಆ ಗೆಡ್ಡೆ ಲೈಂಗಿಕ ಹಾರ್ಮೋನು ಸುರಿಸುತ್ತದೆ. ಬೇರೆ ಚರ್ಚೆ ಆರಂಭಿಸಿ, ಅಲ್ಲಿ ಬರೆಯುತ್ತೇನೆ.

ಬೆಳ್ಳಿಯ_ಅಮ್ಮ:
ಸ್ಕ್ಯಾನಿಂಗ್ ಆಯಿತು. ಎಡ ಅಡ್ರಿನಲ್ ದೊಡ್ಡದಾಗಿದೆ, ಬಲದ್ದು ಸರಿಯಾಗಿದೆ. ಆಲ್ಡೋಸ್ಟೆರೋನ್‌ಗೆ ರಕ್ತ ಕಳುಹಿಸಿದ್ದಾರೆ. ಬಿ.ಪಿ.ಗೆ ಆಮ್ಲೋಡಿಪಿನ್, ಜೊತೆಗೆ ಆಲ್ಡೋಸ್ಟೆರೋನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಶುರುವಾಗಿದೆ. ಗ್ರಂಥಿ ತೆಗೆಸಿದರೆ ಗುಣವಾಗುತ್ತದೆಯೇ?

ಕಡಲೂರ_ಮಾರ್ಜಾಲ:
ಬಿ1 ಕೂಡ ಕೊಡುತ್ತಿದ್ದಾರೆ ತಾನೆ?

ಹೆಬ್ಬಾಳದ_ಹಳಬ:
ಒಂದೇ ಕಡೆ ಇದ್ದು, ಬೇರೆಡೆ ಹರಡದಿದ್ದರೆ ಗುಣವಾಗುವ ಸಾಧ್ಯತೆ ಇದೆ. ಆದರೆ ದೊಡ್ಡ ಶಸ್ತ್ರಚಿಕಿತ್ಸೆ. ಗೆಡ್ಡೆ ಪಕ್ಕದ ಮಹಾಸಿರೆಗೆ ನುಗ್ಗಿದೆಯೇ ಎಂದು ಸಿ.ಟಿ. ಮಾಡಿಸಿ ತಿಳಿಯಬೇಕು, ಅರಿವಳಿಕೆಗೆ ಮೊದಲು ಪೊಟ್ಯಾಸಿಯಂ ಮತ್ತು ಬಿ.ಪಿ. ಹತೋಟಿಗೆ ಬರಬೇಕು. ಬೆಳ್ಳಿಗೆ ವಯಸ್ಸೆಷ್ಟು? ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಎಷ್ಟು? ಎರಡನ್ನೂ ನೀವು ಇನ್ನೂ ಬರೆದಿಲ್ಲ.