ನ್ಯೂ ಮೆಕ್ಸಿಕೋದ ಮರದ ಸಂತರನ್ನು ಊರಿಗೆ ಒಯ್ದವರು ಇದ್ದೀರಾ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಗೆ ಬಂದಿದ್ದೇವೆ. ಇಲ್ಲಿನವರು ಕೆತ್ತುವ ಕ್ರೈಸ್ತ ಸಂತರ ಮರದ ಪ್ರತಿಮೆಗಳಿಗೆ ಮನಸೋತೆ. ಮಂಗಳೂರಿನ ಮನೆಯ ಆಲ್ತಾರಿಗೆ (ಪ್ರಾರ್ಥನೆಯ ಪೀಠಕ್ಕೆ) ಒಂದು ಬೇಕು. ಎಲ್ಲಿ ಕೊಳ್ಳಲಿ? ನಮ್ಮ ಮಳೆಗಾಲ ತಡೆದೀತೇ?

ಆಲ್ಬುಕರ್ಕಿಯಿಂದ: ಮೇಡಂ, ಕೆತ್ತಿದ್ದಕ್ಕೆ ಇಲ್ಲಿ ‘ಬುಲ್ತೊ’ ಅಂತಾರೆ, ಹಲಗೆ ಮೇಲೆ ಬರೆದದ್ದಕ್ಕೆ ‘ರೆತಾಬ್ಲೊ’, ಮಾಡುವವರಿಗೆ ‘ಸಾಂತೇರೊ’. ಜುಲೈ ಕೊನೆಗೆ ಇಲ್ಲೇ ಇದ್ದರೆ ಸಾಂತಾ ಫೆಯ ಸ್ಪ್ಯಾನಿಷ್ ಮಾರ್ಕೆಟ್ಟಿಗೆ ಹೋಗಿ. 1926ರಲ್ಲಿ ಶುರುವಾದ ಸಂತೆ, ಕೆತ್ತಿದವರೇ ಎದುರಿಗೆ ಕೂತಿರುತ್ತಾರೆ. ಪ್ರವಾಸಿಗಳ ಅಂಗಡಿಯಲ್ಲಾದರೆ ಮೊದಲು ಕೈಲಿ ಎತ್ತಿ ನೋಡಿ. ಬುಲ್ತೊ ಕೆತ್ತುವ ಕಾಟನ್‌ವುಡ್ ಮರದ ಬೇರು ಬೆಂಡಿನಷ್ಟು ಹಗುರ. ಅಚ್ಚಿಗೆ ಹೊಯ್ದ ರೆಸಿನ್ (ಪ್ಲಾಸ್ಟಿಕ್‌ನಂಥ ವಸ್ತು) ಗೊಂಬೆ ಭಾರ ಇರುತ್ತೆ. ಬುಡ ತಿರುಗಿಸಿದರೆ ಚಾಕುವಿನ ಗೀರು ಕಾಣಬೇಕು.

ಡೆನ್ವರ್‌ನಿಂದ: ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಸ್ನೇಹಿತರೊಬ್ಬರು ಸಾನ್ ಇಸಿದ್ರೊ ಕೊಟ್ಟಿದ್ದರು. ರೈತರ ಸಂತ, ಮೇ 15 ಅವನ ಹಬ್ಬ. ಅವನು ಪ್ರಾರ್ಥನೆಗೆ ನಿಂತಿದ್ದಾಗ ದೇವದೂತ ಬಂದು ನೇಗಿಲು ಹಿಡಿದನಂತೆ, ಅದಕ್ಕೇ ಕಾಲ ಬಳಿ ಪುಟ್ಟ ಎತ್ತಿನ ಜೋಡಿ, ಪಕ್ಕದಲ್ಲಿ ದೇವದೂತ. ಧೂಳು ಕೂತಿದೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹಿತ್ತಾಳೆ ದೀಪ ಒರೆಸಿದ ಹಾಗೆ. ಬಟ್ಟೆ ನೀಲಿಯಾಯಿತು, ದೇವದೂತನ ಕೆನ್ನೆ ಸುಣ್ಣ ಬಳಿದ ಗೋಡೆಯಾಯಿತು! ಬಣ್ಣದ ಕೆಳಗಿರುವುದು ಜಿಪ್ಸಮ್ ಪುಡಿಗೆ ಚರ್ಮದ ಅಂಟು ಕಲಸಿ ಬಳಿದ ‘ಯೆಸೊ’. ನೀರು ತಾಗಿದರೆ ಬಿಡುತ್ತೆ. ಮೇಲೆ ಪಿನ್ಯೋನ್ ಮರದ ರಾಳದ ವಾರ್ನಿಶ್ ಇದ್ದರೂ ನಂಬಬೇಡಿ. ಒಣಗಿದ ಮೆತ್ತನೆ ಬ್ರಷ್, ಅಷ್ಟೇ.

ಸಾಂತಾ ಫೆಯಿಂದ: ಹಾಗಾದರೆ ಬಣ್ಣವೇ ಇಲ್ಲದ್ದು ಕೊಳ್ಳಿ. ಚಿಮಾಯೋ ಊರು ದಾಟಿದರೆ ಕೋರ್ದೊವಾ ಹಳ್ಳಿ. ಹೊಸೆ ದೊಲೋರೆಸ್ ಲೋಪೆಸ್ (1868-1937) ಅಲ್ಲಿ ಬಣ್ಣ ಹಚ್ಚದ, ಮೈತುಂಬ ಸಣ್ಣ ಗೀರಿನ ಕೆತ್ತನೆಗೆ ಹೆಸರಾದರು. ಮಗ ಜಾರ್ಜ್‌ಗೆ 1982ರಲ್ಲಿ ರಾಷ್ಟ್ರೀಯ ಗೌರವವೂ ಬಂತು. ಆಸ್ಪೆನ್ ಮರದ ಬಿಳುಪು ನೋಡಲು ಹಿತ. ದಾರಿಯಲ್ಲೇ ಚಿಮಾಯೋದ ಗುಡಿ ಸಿಗುತ್ತೆ, ಪವಿತ್ರ ಮಣ್ಣಿಗೆ ಜನ ಬರುವ ಜಾಗ. ಹತ್ತಿರದ ಬಾಲಯೇಸುವಿನ ಚಾಪೆಲ್ಲಿನಲ್ಲಿ ಮಕ್ಕಳ ಬೂಟುಗಳ ಸಾಲು ನೋಡದೆ ಬರಬೇಡಿ. ರಾತ್ರಿಯೆಲ್ಲ ಓಡಾಡಿ ಅವನ ಬೂಟು ಸವೆಯುತ್ತವಂತೆ, ಅದಕ್ಕೆ ಹೊಸದು ತಂದಿಡುತ್ತಾರೆ.

ಮಂಗಳೂರಿನಿಂದ: ಮಳೆಗಾಲದ ಮಾತು ನಾನು ಹೇಳುತ್ತೇನೆ, ಬಾಯಿಯವರೇ. ಅಲ್ಲಿ ಒಣಹವೆ, ಇಲ್ಲಿ ಜೂನ್ ಬಂತೆಂದರೆ ಗೋಡೆಯೂ ಬೆವರುತ್ತದೆ. ಮರ ಉಬ್ಬಿದರೆ ಯೆಸೊ ಬಿರುಕು ಬಿಡುತ್ತದೆ. ನಮ್ಮದನ್ನು ಗೋಡೆಗೆ ತಾಗಿಸದೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮೇಣದ ಬತ್ತಿ ಮಾರು ದೂರ. ಬುಡದಲ್ಲಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಹೊಕ್ಕಿದೆ ಎಂದೇ ಅರ್ಥ. ಮತ್ತೆ, ಸೂಟ್‌ಕೇಸಿಗೆ ಹಾಕಬೇಡಿ. ನಮ್ಮ ಸಂತ ಅಂತೋನಿ ಒಂದು ಬೆರಳು ಕಳೆದುಕೊಂಡೇ ಬಜ್ಪೆಯಲ್ಲಿ ಇಳಿದದ್ದು.

ಕೇಳಿದವರು: ಬಣ್ಣದ್ದು ಬೇಡ ಅಂದುಕೊಂಡೆ. ಶನಿವಾರ ಕೋರ್ದೊವಾಕ್ಕೆ ಹೊರಟಿದ್ದೇವೆ. ಅಳಿಯ ಆಗಲೇ ಗಾಜಿನ ಪೆಟ್ಟಿಗೆಯ ಅಳತೆ ಕೇಳುತ್ತಿದ್ದಾನೆ, ಸಂತರು ಇನ್ನೂ ಸಿಕ್ಕೇ ಇಲ್ಲ.