ಕೊಲಾಜೆನ್ ಸ್ಪಾಂಜ್ ಮೇಲೆ ಬರೀ ಬಿಳಿ ಪುಡಿ, ನಾರಿನ ಒಳಗೆ ಖನಿಜ ಇಳಿಯುತ್ತಿಲ್ಲ

ಪ್ರಶ್ನೆ: ನಮಸ್ಕಾರ ಎಲ್ಲರಿಗೂ. ಮೂಳೆ ಬೆಳೆಸುವ ಪ್ರಾಜೆಕ್ಟ್‌ಗೆ ಕೊಲಾಜೆನ್ (ಮೂಳೆಯಲ್ಲಿರುವ ನಾರಿನಂಥ ಪ್ರೋಟೀನ್) ಸ್ಪಾಂಜ್‌ನಲ್ಲಿ ಹೈಡ್ರಾಕ್ಸಿಅಪಟೈಟ್ (ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ) ಕೂರಿಸಲು ನೋಡುತ್ತಿದ್ದೇನೆ. ಕ್ಯಾಲ್ಸಿಯಂ ಕ್ಲೋರೈಡ್ 4.5 ಮಿಲಿಮೋಲಾರ್, ಪೊಟ್ಯಾಸಿಯಂ ಫಾಸ್ಫೇಟ್ 2.1, ಪಿಎಚ್ ಸ್ಥಿರವಾಗಿಡಲು ಟ್ರಿಸ್ ಬಫರ್, 37 ಡಿಗ್ರಿ. ದ್ರಾವಣ ಬೇಗ ಕದಡಿ, ತಳದಲ್ಲಿ ಪುಡಿ ನಿಲ್ಲುತ್ತೆ. ಸ್ಪಾಂಜ್ ಮೇಲೆ ಸುಣ್ಣ ಬಳಿದ ಹಾಗೆ ಪದರ, ಕೊಯ್ದು ನೋಡಿದರೆ ನಡುವೆ ಏನೂ ಇಲ್ಲ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳು ಗುರುತಿಸುವ ಪರೀಕ್ಷೆ) ಮಾತ್ರ ಅಪಟೈಟ್ ಅಂತಲೇ ಬರುತ್ತಿದೆ.

ಉತ್ತರ 1: ಪಿಎಚ್ ಎಷ್ಟು ಡಿಗ್ರಿಯಲ್ಲಿ ಅಳೆದಿರಿ? ಬಿಸಿಯಾದಂತೆ ಟ್ರಿಸ್‌ನ ಪಿಎಚ್ ಇಳಿಯುತ್ತೆ, ಡಿಗ್ರಿಗೆ ಸುಮಾರು 0.03. ಪಾಲಿಮರ್ ಏನಾದರೂ ಹಾಕಿದ್ದೀರಾ?

ಪ್ರಶ್ನೆ ಕೇಳಿದವರು: 37ರಲ್ಲೇ ಅಳೆದದ್ದು ಸರ್, 7.4 ಇದೆ. ಪಾಲಿಮರ್ ಹಾಕಿಲ್ಲ.

ಉತ್ತರ 2: ಹಾಗಾದರೆ ತೊಂದರೆ ಅಲ್ಲೇ ಇದೆ ಮೇಡಂ. ಕೊಲಾಜೆನ್ ನಾರಿನಲ್ಲಿ 67 ನ್ಯಾನೋಮೀಟರ್‌ಗೊಂದು ಪಟ್ಟೆ, ಅದರಲ್ಲಿ ಸುಮಾರು 40 ನ್ಯಾನೋಮೀಟರ್ ಉದ್ದದ ಸಂದು. ಹೊರಗೇ ಹರಳು ಕಟ್ಟಿಬಿಟ್ಟರೆ ಆ ಸಂದಿಗೆ ನುಗ್ಗುವುದು ಹೇಗೆ? ಮೂಳೆಯಲ್ಲಿ ಆಸ್ಟಿಯೋಪಾಂಟಿನ್‌ನಂಥ ಆಮ್ಲೀಯ ಪ್ರೋಟೀನ್‌ಗಳು ಹರಳು ಕಟ್ಟುವುದನ್ನು ಹತೋಟಿಯಲ್ಲಿ ಇಡುತ್ತವೆ. ಅವುಗಳ ಬದಲಿಗೆ ಪಾಲಿಆಸ್ಪಾರ್ಟಿಕ್ ಆಸಿಡ್ ಎಂಬ ಆಮ್ಲೀಯ ಪಾಲಿಮರ್ ಹಾಕಿ. ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಲಾರಿ ಗೋವರ್ ಅವರ ತಂಡ ಈ ದಾರಿಯಲ್ಲೇ ನಾರಿನ ಒಳಗೆ ಖನಿಜ ತುಂಬಿಸಿ ತೋರಿಸಿತು. ನನಗಂತೂ ಈ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ಕೆಲಸ ಅದು.

ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂನಿಂದ ಶುರು ಮಾಡಿ. ಮೊದಲು ಕ್ಯಾಲ್ಸಿಯಂ ದ್ರಾವಣಕ್ಕೆ ಪಾಲಿಮರ್ ಬೆರೆಸಿ, ಆಮೇಲೆ ಫಾಸ್ಫೇಟನ್ನು ನಿಧಾನವಾಗಿ ಬಿಡಿ. ಈ ಕ್ರಮ ತಪ್ಪಿಸಬೇಡಿ. ಜಾಸ್ತಿ ಹಾಕಿದರೆ ಹರಳೇ ಕಟ್ಟದೆ ಹೋಗಬಹುದು, ಹಾಗಾಗಿ 50, 100, 200 ಮೂರನ್ನೂ ಜೊತೆಗೇ ಇಡುವುದು ಒಳ್ಳೆಯದು. ಗೀರು ಬಿದ್ದ ಗಾಜಿನ ಬಾಟಲಿ ಬೇಡ, ಗೀರಿನಲ್ಲೇ ಹರಳು ಹುಟ್ಟುತ್ತೆ. ಪ್ಲಾಸ್ಟಿಕ್ ಬಳಸಿ.

ಸ್ಪಾಂಜ್ ತೇಲುತ್ತಿದೆಯಾ ನೋಡಿ. ತೇಲಿದರೆ ರಂಧ್ರಗಳಲ್ಲಿ ಗಾಳಿ ಉಳಿದಿದೆ ಅಂತ. ಬಫರ್‌ನಲ್ಲಿ ಮುಳುಗಿಸಿ ವ್ಯಾಕ್ಯೂಮ್ ಕೊಡಿ, ಗುಳ್ಳೆ ನಿಂತು ತಳಕ್ಕೆ ಕೂತ ಮೇಲೆ ದ್ರಾವಣಕ್ಕೆ ಹಾಕಿ. ಪಿಬಿಎಸ್ ಬಫರ್‌ನಲ್ಲಿ ತೊಳೆಯಬೇಡಿ, ಅದರಲ್ಲೇ ಫಾಸ್ಫೇಟ್ ಇದೆ ಅಲ್ವಾ.

ಪ್ರಶ್ನೆ ಕೇಳಿದವರು: ಹೌದು, ತೇಲುತ್ತೆ! ಒಳಗೆ ಹೋಗಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಉತ್ತರ 2: ಎಕ್ಸ್‌ಆರ್‌ಡಿ ಸಾಲದು. ಹೊರಗಿನ ಪುಡಿಗೂ ಅದು ಅಪಟೈಟ್ ಅಂತಲೇ ಹೇಳುತ್ತೆ. ತೆಳು ಸೀಳು ತೆಗೆದು, ಬಣ್ಣ ಹಾಕದೆ ಟಿಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಎಲೆಕ್ಟ್ರಾನ್ ಡಿಫ್ರಾಕ್ಷನ್, ಅಂದರೆ ಹರಳುಗಳಿಂದ ಚದುರಿದ ಎಲೆಕ್ಟ್ರಾನ್‌ಗಳ ಚಿತ್ರ, ನೋಡಿ. ಅದರಲ್ಲಿ ಹರಳಿನ ಉದ್ದದ ದಿಕ್ಕು ತೋರಿಸುವ 002ರ ಗುರುತು ಪೂರ್ತಿ ಉಂಗುರವಾಗದೆ, ನಾರಿನ ಉದ್ದಕ್ಕೆ ಎದುರುಬದುರು ಎರಡು ಕಮಾನಾಗಿ ಬಂದರೆ ಹರಳುಗಳು ನಾರಿನ ಜಾಡು ಹಿಡಿದಿವೆ. ಆ ಚಿತ್ರ ಬಂದ ದಿನ ಇಲ್ಲಿ ಹಾಕಿ, ನೋಡೋಣ.