ಸಹಾಯ ಬೇಕು: ಹಳೆ ಜೀಪ್‌ನ ಹಿಂದಿನಿಂದ ಗೊಂಯ್ ಸದ್ದು

ಎಲ್ಲರಿಗೂ ನಮಸ್ಕಾರ. ಮಂಡ್ಯದ ಮನೆಯಲ್ಲಿ ಅಪ್ಪನ ಕಾಲದ ಫೋರ್ ವೀಲ್ ಡ್ರೈವ್ ಡೀಸೆಲ್ ಜೀಪ್ ಇದೆ. 50 ಕಿ.ಮೀ. ವೇಗ ದಾಟಿದರೆ ಹಿಂದಿನಿಂದ ಗೊಂಯ್ ಅನ್ನುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ, ಕಾಲು ತೆಗೆದರೆ ಮಾಯ. ಮೇಲುಕೋಟೆ ಏರಿನಲ್ಲಂತೂ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ.

ರಿವರ್ಸ್‌ನಿಂದ ಫಸ್ಟ್‌ಗೆ ಹಾಕಿದಾಗ ಟಕ್ ಅಂತಿತ್ತು. ಪ್ರೊಪೆಲ್ಲರ್ ಶಾಫ್ಟ್‌ನ (ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಉದ್ದನೆ ದಂಡ) ಯುಜೆ ಕ್ರಾಸ್, ಅಂದರೆ ಕೀಲುಗಳು, ಎರಡೂ ಹೊಸದು ಹಾಕಿಸಿದೆ. ಟಕ್ ಹೋಯಿತು, ಗೊಂಯ್ ಹಾಗೇ ಇದೆ. ಟೈರ್ ಹಿಂದೆ ಮುಂದೆ ಬದಲಿಸಿದೆ, ಸುಮ್ನೆ ಕೈ ಕಪ್ಪಾಗಿದ್ದಷ್ಟೇ. ವೀಲ್ ಬೇರಿಂಗ್ ಆಗಿದ್ದರೆ ನ್ಯೂಟ್ರಲ್‌ನಲ್ಲಿ ಉರುಳಿದಾಗಲೂ ಸದ್ದು ಬರಬೇಕು, ಅಲ್ವಾ? ಬರುತ್ತಿಲ್ಲ. ಹಿಂದಿನ ಡಿಫರೆನ್ಷಿಯಲ್‌ನ (ಹಿಂದಿನ ಚಕ್ರಗಳ ನಡುವಿನ ಗೇರ್ ಗುಂಡು) ಆಯಿಲ್ ಇಳಿಸಿದಾಗ ತಳದಲ್ಲಿ ನುಣ್ಣನೆ ಕಬ್ಬಿಣದ ಪುಡಿ ಇತ್ತು. ಗೇರ್ ಹಲ್ಲಿನ ಚೂರು ಸಿಗಲಿಲ್ಲ. ಶಾಫ್ಟ್ ಬಂದು ಅದಕ್ಕೆ ಸೇರುವ ಪಿನಿಯನ್ ಫ್ಲ್ಯಾಂಜ್ ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಆಡುತ್ತದೆ.

ಒಬ್ಬ ಮೆಕ್ಯಾನಿಕ್ ಕ್ರೌನ್ ಪಿನಿಯನ್ ಸೆಟ್ಟೇ (ಡಿಫರೆನ್ಷಿಯಲ್ ಒಳಗಿನ ದೊಡ್ಡ, ಚಿಕ್ಕ ಗೇರ್ ಜೋಡಿ) ಬದಲಿಸಿ ಅಂತಾರೆ, ಇನ್ನೊಬ್ಬರು ಪಿನಿಯನ್ ಬೇರಿಂಗ್ ಸಾಕು ಅಂತಾರೆ. ಬಿಚ್ಚಿಸುವ ಮೊದಲು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ತೆಗೆದು, ಫೋರ್ ವೀಲ್ ಹಾಕಿ ಮುಂದಿನ ಚಕ್ರದ ಮೇಲೇ ಓಡಿಸಿ ಸದ್ದು ನಿಲ್ಲುತ್ತದಾ ನೋಡೋಣ ಅಂತಿದ್ದೇನೆ. ಯಾರಾದರೂ ಹೀಗೆ ಮಾಡಿದ್ದೀರಾ? ಮೈಸೂರು, ಮಂಡ್ಯ ಕಡೆ ಡಯಲ್ ಗೇಜ್ (ಅಳತೆ ಮುಳ್ಳಿನ ಉಪಕರಣ) ಇಟ್ಟು ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಅಳೆದು ಶಿಮ್ (ತೆಳು ತಗಡಿನ ಬಿಲ್ಲೆ) ಕೂರಿಸುವವರು ಗೊತ್ತಿದ್ದರೆ ತಿಳಿಸಿ. ಅಂದಾಜಿನಲ್ಲಿ ಕೂರಿಸುವವರು ಬೇಕಾದಷ್ಟಿದ್ದಾರೆ.